ಅರ್ಧ ಮಿಲಿಮೀಟರಿನ ಲೆಕ್ಕ

ಕುಂಬಳೆ, ಬದಿಯಡ್ಕದ ಕಡೆಯಿಂದ ಮಂಗಳೂರಿಗೆ ಹೋಗಿ ಮುಂದಿನ ಹಲ್ಲುಗಳಿಗೆ ವೆನೀರ್ (ಹಲ್ಲಿನ ಮುಂಬದಿಗೆ ಅಂಟಿಸುವ ತೆಳು ಚಿಪ್ಪು) ಹಾಕಿಸಿಕೊಳ್ಳುವವರು ಮೊದಲು ಕೇಳುವುದು ‘ಎಷ್ಟು ವರ್ಷ ಬರ್ತದೆ ಡಾಕ್ಟ್ರೇ?’ ಎಂದು. ಪೋರ್ಸಲೀನಾದರೆ (ಪಿಂಗಾಣಿ) ಹತ್ತು-ಹದಿನೈದು ವರ್ಷ, ಹಲ್ಲಿನ ಬಣ್ಣದ ಪ್ಲಾಸ್ಟಿಕ್‌ನಂಥ ಕಾಂಪೋಸಿಟ್ ಆದರೆ ಐದಾರು ವರ್ಷ ಎಂಬ ಉತ್ತರ ಸಿಗುತ್ತದೆ. ಉತ್ತರ ಸರಿ, ಪ್ರಶ್ನೆ ಮಾತ್ರ ಅರ್ಧ. ಪಿಂಗಾಣಿ ಸವೆದು ಮುಗಿಯುವುದು ಅಪರೂಪ. ಅದರ ಹಿಂದಿರುವ ಅಂಟು ಯಾವ ನೆಲದ ಮೇಲೆ ನಿಂತಿದೆ ಎಂಬುದರ ಮೇಲೆ ಆಯುಷ್ಯ ನಿಂತಿದೆ.

ಮುರಕಲ್ಲಿನ ಗೋಡೆಗೆ ಗಾರೆ ಏಕೆ ಅಷ್ಟು ಗಟ್ಟಿಯಾಗಿ ಹಿಡಿಯುತ್ತದೆ? ಕಲ್ಲಿನ ತುಂಬ ತೂತು. ಗಾರೆ ಒಳಗಿಳಿದು ಗಟ್ಟಿಯಾದ ಮೇಲೆ ಎಳೆದರೂ ಬಾರದು. ಅದೇ ಗಾರೆಯನ್ನು ಹೊಳೆಯ ನುಣುಪು ಕಲ್ಲಿಗೆ ಮೆತ್ತಿ ನೋಡಿ, ಒಣಗಿದ ಮೇಲೆ ಉಗುರಿನಲ್ಲೇ ಎಬ್ಬಿಸಬಹುದು. ಹಲ್ಲಿನ ಹೊರಪದರವಾದ ಎನಾಮೆಲ್ ಹುಟ್ಟಾ ಹೊಳೆಯ ಕಲ್ಲು. ಅದಕ್ಕೆ 37 ಶೇಕಡಾ ಫಾಸ್ಫಾರಿಕ್ ಆ್ಯಸಿಡ್ ಜೆಲ್ ಹಚ್ಚಿ, 15ರಿಂದ 30 ಸೆಕೆಂಡು ಬಿಟ್ಟು, ತೊಳೆದು ಒಣಗಿಸಿದರೆ ಸುಣ್ಣದ ಹಾಗೆ ಬೆಳ್ಳಗೆ ಕಾಣುತ್ತದೆ. ಅಂದರೆ ಮುರಕಲ್ಲಾಯಿತು. ರೆಸಿನ್ ಎಂಬ ತೆಳುವಾದ ಅಂಟು ಆ ಕಣ್ಣಿಗೆ ಕಾಣದ ತೂತುಗಳಿಗೆ ಇಳಿದು, ನೀಲಿ ಬೆಳಕಿಗೆ ಗಟ್ಟಿಯಾಗುತ್ತದೆ. ಪಿಂಗಾಣಿಯ ಒಳಮೈಗೂ ಇದೇ ಉಪಚಾರ, ಆದರೆ ಹೈಡ್ರೋಫ್ಲೋರಿಕ್ ಆ್ಯಸಿಡ್‌ನಿಂದ. ಅದರ ಮೇಲೆ ಸಿಲೇನ್ ಎಂಬ ದ್ರಾವಣ: ಒಂದು ಕೈಯಲ್ಲಿ ಪಿಂಗಾಣಿಯ ಗಾಜನ್ನೂ ಇನ್ನೊಂದರಲ್ಲಿ ರೆಸಿನ್ನನ್ನೂ ಹಿಡಿಯುವ ದಲ್ಲಾಳಿ ಅದು. ಹೀಗೆ ಪಿಂಗಾಣಿ, ಅಂಟು, ಹಲ್ಲು ಮೂರೂ ಒಂದೇ ಗೋಡೆಯಾಗುತ್ತವೆ. ಕೈಯಲ್ಲಿ ಚಿಪ್ಸಿನ ಹಾಗೆ ಮುರಿಯುವ ಅರ್ಧ ಮಿಲಿಮೀಟರಿನ ಪಿಂಗಾಣಿ, ಅಂಟಿದ ಮೇಲೆ ಅನ್ನ-ಸಾರು, ದೋಸೆಗಳಿಗೆಲ್ಲ ಜಗ್ಗದೆ ನಿಲ್ಲುವುದು ಈ ಕಾರಣಕ್ಕೆ.

ಆ್ಯಸಿಡ್ ಹಚ್ಚುವ ಈ ಉಪಾಯ ದಂತವೈದ್ಯರದ್ದಲ್ಲ, ಪೇಂಟಿನವರದ್ದು. 1928ರಲ್ಲಿ ಕ್ಯಾಲಿಫೋರ್ನಿಯಾದ ದಂತವೈದ್ಯ ಚಾರ್ಲ್ಸ್ ಪಿಂಕಸ್ ಸಿನಿಮಾ ನಟರಿಗೆ ಅಂಟಿಸುತ್ತಿದ್ದ ಚಿಪ್ಪುಗಳು ಶೂಟಿಂಗ್ ಮುಗಿಯುವವರೆಗಷ್ಟೇ. ಹಿಡಿಸಿಡಲು ಇದ್ದದ್ದು ಕಟ್ಟುಹಲ್ಲನ್ನು ಅಂಟಿಸುವ ಪುಡಿ. ಬಣ್ಣ ನಿಲ್ಲಲೆಂದು ಕಾರ್ಖಾನೆಗಳಲ್ಲಿ ಲೋಹಕ್ಕೆ ಫಾಸ್ಫಾರಿಕ್ ಆ್ಯಸಿಡ್ ಬಳಿಯುವುದನ್ನು ಬಲ್ಲ ಅಮೆರಿಕದ ದಂತ ಸಂಶೋಧಕ ಮೈಕಲ್ ಬ್ಯುನೊಕೋರ್, 1955ರಲ್ಲಿ ಅದನ್ನು ಹಲ್ಲಿಗೆ ಹಚ್ಚಿದರು. ಅವರದ್ದು 85 ಶೇಕಡಾದ ಆ್ಯಸಿಡ್! ಪಿಂಗಾಣಿಯ ಸರದಿ ಬಂದದ್ದು 1980ರ ದಶಕದ ಆರಂಭಕ್ಕೆ.

ಎನಾಮೆಲಿನ ಶೇಕಡಾ 96ರಷ್ಟು ಖನಿಜ. ಅದರಡಿಯ ಡೆಂಟಿನ್ನಿನಲ್ಲಿ ನೀರೂ ಕೊಲಾಜನ್ನೂ ಇದೆ. ಒದ್ದೆ ಗೋಡೆಗೆ ಪೇಂಟ್ ಹಚ್ಚಿದ ಹಾಗೆ, ಅಲ್ಲಿ ಅಂಟು ಮೊದಲು ಹಿಡಿದಂತೆ ಕಂಡರೂ ವರ್ಷ ಕಳೆದಂತೆ ಸಡಿಲವಾಗುತ್ತದೆ. ಮುಂಭಾಗದ ಹಲ್ಲಿನ ತುದಿಯಲ್ಲಿ ಎನಾಮೆಲ್ ಧಾರಾಳ. ವಸಡಿನ ಬಳಿ ಮಾತ್ರ ಅರ್ಧ ಮಿಲಿಮೀಟರಿಗಿಂತಲೂ ತೆಳು. ವೆನೀರಿಗೆ ಜಾಗ ಮಾಡಲು 0.3ರಿಂದ 0.5 ಮಿಲಿಮೀಟರ್ ಉಜ್ಜಿದಾಗ ಕೈ ತುಸು ಜಾರಿದರೆ ಡೆಂಟಿನ್ ಹೊರಬರುವುದು ಅಲ್ಲಿಯೇ. ವಕ್ರ ಹಲ್ಲನ್ನು ಕ್ಲಿಪ್ ಹಾಕಿಸದೆ ವೆನೀರಿನಲ್ಲೇ ‘ನೇರ’ ಮಾಡಿಸುವ ಆತುರದಲ್ಲಂತೂ ಇದರ ಸಂಭವ ಇನ್ನೂ ಹೆಚ್ಚು.

ಇನ್ನು ನಮ್ಮ ಸೀಮೆಯ ಶತ್ರುಗಳು: ಸಾಂತಾಣಿ (ಬೇಯಿಸಿ ಒಣಗಿಸಿದ ಹಲಸಿನ ಬೀಜ), ಒಣ ಅಡಿಕೆ, ಹಲ್ಲಲ್ಲೇ ತೆಗೆಯುವ ಸೋಡಾ ಬಾಟ್ಲಿಯ ಮುಚ್ಚಳ. ಇವು ಅಂಚನ್ನು ಚಕ್ಕೆ ಎಬ್ಬಿಸುತ್ತವೆ. ವೀಳ್ಯದ ಕೆಂಪು ಪಿಂಗಾಣಿಗೆ ಹತ್ತದು, ಅಂಟಿನ ಗೆರೆಗೆ ಹತ್ತುತ್ತದೆ. ಪಾಲಿಶ್‌ನಿಂದಲೂ ಹೋಗದ ಕಂದು ಗೆರೆ ಅದೇ. ನಿದ್ದೆಯಲ್ಲಿ ಹಲ್ಲು ಕಡಿಯುವವರು ರಾತ್ರಿ ಹಾಕುವ ನೈಟ್ ಗಾರ್ಡ್ ಮಾಡಿಸದಿದ್ದರೆ ವರ್ಷದ ಲೆಕ್ಕಗಳೆಲ್ಲ ಬುಡಮೇಲು. ಹುಳುಕು ವೆನೀರಿಗೆ ಬಾರದು, ಅದರ ಅಂಚಿನ ಹಲ್ಲಿಗೆ ಬರುತ್ತದೆ. (ಕ್ಲೀನಿಂಗ್ ಮಾಡಿಸಿದರೆ ಹಲ್ಲು ಸಡಿಲವಾಗುತ್ತದೆಂಬ ನಂಬಿಕೆ ಇನ್ನೂ ಸಾಯಲಿಲ್ಲ. ಹಲ್ಲನ್ನು ಅಲ್ಲಾಡಿಸುವುದು ಕಿಟ್ಟ ಕಟ್ಟಿ ಬರುವ ವಸಡಿನ ರೋಗ.)

ಬದಲಾಯಿಸುವಾಗ ಹೆಂಚು ತೆಗೆದಂತೆ ಹಳೆಯದನ್ನು ಎತ್ತಿಡಲಾಗದು. ವಜ್ರದ ಬರ್ ಎಂಬ ಕೊರೆಯುವ ಮೊನೆಯಿಂದ ಅರೆದೇ ತೆಗೆಯಬೇಕು. ಪಿಂಗಾಣಿ, ಅಂಟು, ಹಲ್ಲು ಮೂರೂ ಒಂದೇ ಬಣ್ಣವಾದ್ದರಿಂದ ಎಲ್ಲಿ ನಿಲ್ಲಿಸಬೇಕೆಂದು ತಿಳಿಯುವುದು ಕಷ್ಟ. ಪ್ರತಿ ಸಲವೂ ತುಸು ಎನಾಮೆಲ್ ಹೋಗುತ್ತದೆ. ಅದನ್ನು ಕಟ್ಟುವ ಜೀವಕೋಶಗಳು ಹಲ್ಲು ಹೊರಬರುವಾಗಲೇ ಸತ್ತಿರುತ್ತವೆ, ಮತ್ತೆ ಬೆಳೆಯದು. ಎರ್ಬಿಯಂ ಲೇಸರ್ ಪಿಂಗಾಣಿಯನ್ನು ದಾಟಿ ಅಂಟನ್ನೇ ಸಡಿಲಿಸುತ್ತದೆ, ಆದರೆ ಆ ಯಂತ್ರ ಎಲ್ಲ ಕ್ಲಿನಿಕ್ಕಿನಲ್ಲೂ ಇರುವುದಿಲ್ಲ. ಎನಾಮೆಲ್ ಸಾಕಷ್ಟು ಉಳಿಯದಿದ್ದರೆ ಮುಂದಿನದ್ದು ಇಡೀ ಹಲ್ಲಿಗೆ ಟೋಪಿಯಂತೆ ಹಾಕುವ ಕ್ರೌನ್. ಅದಕ್ಕೆ ಕಾಣುವ ಹಲ್ಲಿನ ಮೂರನೇ ಎರಡರಷ್ಟನ್ನು ಅರೆಯಬೇಕಾದೀತು.

ಹಣದ ಲೆಕ್ಕಕ್ಕೆ ಪೋರ್ಸಲೀನ್ ಹಲ್ಲೊಂದಕ್ಕೆ 10,000 ರೂಪಾಯಿ, ಕಾಂಪೋಸಿಟ್ 3,000 ಎಂದಿಟ್ಟುಕೊಳ್ಳಿ. ಕೋರೆಯಿಂದ ಕೋರೆಗೆ ಆರು ಹಲ್ಲು. 25ರಲ್ಲಿ ಹಾಕಿಸಿ 70ರವರೆಗೆ, 15 ವರ್ಷಕ್ಕೊಮ್ಮೆ ಬದಲಿಸಿದರೆ ಪೋರ್ಸಲೀನ್ ಮೂರು ಸೆಟ್: 1,80,000. ಐದು ವರ್ಷಕ್ಕೊಮ್ಮೆ ಕಾಂಪೋಸಿಟ್ ಒಂಬತ್ತು ಸೆಟ್: 1,62,000. ಅಂತರ ಅಷ್ಟೇ! ಕಾಂಪೋಸಿಟ್ ಬೇಗ ಬಣ್ಣಗೆಡುತ್ತದೆ, ನಿಜ. ಆದರೆ ಅನೇಕ ಹಲ್ಲುಗಳಿಗೆ ಉಜ್ಜದೆಯೇ ಹಾಕಬಹುದು, ಚಕ್ಕೆ ಎದ್ದರೆ ಕುಳಿತಲ್ಲೇ ರಿಪೇರಿ. ಇಪ್ಪತ್ತರ ಹರೆಯದವರಿಗೆ ಮೊದಲು ಅದೇ ಸಾಕು. ಬರೀ ಹಳದಿ ಎಂಬ ದೂರಾದರೆ ಬ್ಲೀಚಿಂಗ್ ಮಾಡಿಸಿ ನೋಡಬೇಕು, ಅದೂ ವೆನೀರಿಗಿಂತ ಮೊದಲು. ಪಿಂಗಾಣಿ ಆಮೇಲೆ ಬ್ಲೀಚಿಗೆ ಬಗ್ಗದು.

ಆರರಲ್ಲಿ ಒಂದೇ ಒಡೆದರೆ ಖರ್ಚು ಆರನೇ ಒಂದು ಎಂದುಕೊಳ್ಳಬೇಡಿ. ಹೊಸ ಚಿಪ್ಪು ಹತ್ತು ವರ್ಷದ ಹಳೆ ಜೊತೆಗಾರನ ಪಕ್ಕ ಬೇರೆಯೇ ಕಾಣುವುದರಿಂದ, ನಡುವಿನ ಹಲ್ಲಾದರೆ ಎರಡನ್ನೂ ಬದಲಿಸಲು ಹೇಳುವುದುಂಟು. ಪಿಂಗಾಣಿಯ ಬಗೆ, ಬಣ್ಣದ ನಂಬರು, ಅಂಟಿನ ಶೇಡ್ ಮೂರನ್ನೂ ಮೊದಲ ದಿನವೇ ಚೀಟಿಯಲ್ಲಿ ಬರೆಸಿ ತನ್ನಿ.