ಅಗ್ಗದ ಬೇಸ್ ಗಿಟಾರ್‌ಗೆ ಹೊಸ ಪಿಕಪ್ ಹಾಕಿಸಬೇಕಾ?

ಪ್ರಶ್ನೆ: ನನ್ನ ಹತ್ತಿರ ಸ್ಕ್ವೈಯರ್ ಅಫಿನಿಟಿ ಪಿಜೆ ಬೇಸ್ ಇದೆ. ಮನೆಯಲ್ಲಿ ನುಡಿಸುವಾಗ ಚೆನ್ನಾಗೇ ಕೇಳುತ್ತದೆ. ಬ್ಯಾಂಡ್ ಜೊತೆ ಕೂತರೆ ಮಸುಕು ಮಸುಕು. ಪಿಕಪ್ ಬದಲಿಸಿದರೆ ಸರಿಹೋಗುತ್ತಾ, ಇಲ್ಲಾ ಬೇರೆ ಬೇಸನ್ನೇ ತಗೊಳ್ಳಲಾ?

ಉತ್ತರ: ಪಿಕಪ್ (ತಂತಿಯ ಕೆಳಗೆ ಕೂತು ಅದರ ಕಂಪನವನ್ನು ವಿದ್ಯುತ್ ಮಾಡುವ ಭಾಗ) ಬದಲಿಸಿದರೆ ಸೌಂಡ್ ಬದಲಾಗುವುದು ನಿಜ. ನಿಮ್ಮ ಪಿಜೆ ಬೇಸ್‌ನಲ್ಲಿ ಅಂಥವು ಎರಡಿವೆ: ನಡುವೆ ಪಿ (ಪ್ರೆಸಿಷನ್ ಬೇಸ್ ಮಾದರಿ), ತಂತಿಯ ಕೊನೆ ಕಟ್ಟುವ ಬ್ರಿಡ್ಜ್ ಹತ್ತಿರ ಜೆ (ಜಾಝ್ ಬೇಸ್ ಮಾದರಿ). ಆದರೆ ಬ್ಯಾಂಡಿನಲ್ಲಿ ಮಸುಕಾಗುವುದಕ್ಕೆ ಎಷ್ಟೋ ಸಲ ಪಿಕಪ್ ಕಾರಣವೇ ಅಲ್ಲ. ದುಡ್ಡು ಬಿಚ್ಚುವ ಮೊದಲು ಬೇರೆ ಕೆಲವನ್ನು ನೋಡಿಬಿಡಿ.

ಬೇಸ್ ಕೊಂಡಾಗ ಬಂದ ತಂತಿಯೇ ಇನ್ನೂ ಇದೆಯಾ? ಬೆವರು, ಕೊಳೆ ಸುರುಳಿಯ ಸಂದಿಗೆ ಸೇರಿದರೆ ತಂತಿ ಮಂಕಾಗುತ್ತದೆ. ತಂತಿಯಲ್ಲೇ ಇಲ್ಲದ ಹೊಳಪನ್ನು ಯಾವ ಪಿಕಪ್ಪೂ ತಂದುಕೊಡಲಾರದು. ಹೊಸ ಸೆಟ್ ಹಾಕಿ ಕೇಳಿ. ಆಮೇಲೆ ಆಂಪ್ಲಿಫೈಯರ್‌ನ ನಾಬ್‌ಗಳನ್ನು ನೋಡಿ. ಮಿಡ್ (ನಡುವಿನ ಸ್ವರ) ಇಳಿಸಿ, ಬೇಸ್ (ಕೆಳಗಿನ ಸ್ವರ) ಮತ್ತು ಟ್ರೆಬಲ್ (ಮೇಲಿನ ಸ್ವರ) ನಾಬ್ ಏರಿಸಿದರೆ ಒಬ್ಬರೇ ನುಡಿಸುವಾಗ ತುಂಬಾ ಇಂಪು. ಬ್ಯಾಂಡಿನಲ್ಲಿ ಕೆಳಗಿನ ಜಾಗವನ್ನು ಕಿಕ್ ಡ್ರಮ್, ಮೇಲಿನದನ್ನು ಸಿಂಬಲ್ ಹಿಡಿದಿರುತ್ತವೆ. ನಿಮ್ಮ ಸ್ವರ ಯಾವುದು ಅಂತ ತಿಳಿಯುವುದೇ ಮಿಡ್‌ನಿಂದ. ಅದನ್ನು ಏರಿಸಿ.

ಇನ್ನು ಪಿಕಪ್‌ನ ಎತ್ತರ. ಹೆಚ್ಚಿನವರು ಇದನ್ನು ಮುಟ್ಟುವುದೇ ಇಲ್ಲ, ಆದರೆ ಕಾಸಿಲ್ಲದೆ ಇಷ್ಟು ಫಲ ಕೊಡುವ ಕೆಲಸ ಬೇರೆ ಇಲ್ಲ. ಕೊನೆಯ ಫ್ರೆಟ್‌ನಲ್ಲಿ (ನೆಕ್, ಅಂದರೆ ಗಿಟಾರ್‌ನ ಕತ್ತಿನ ಮೇಲಿನ ಲೋಹದ ಅಡ್ಡಪಟ್ಟಿ) ತಂತಿ ಒತ್ತಿ ಹಿಡಿಯಿರಿ. ತಂತಿಗೂ ಪಿಕಪ್ ಮೇಲೆ ಕಾಣುವ ಲೋಹದ ಗುಂಡಿಗೂ ಸುಮಾರು 3 ಮಿಲಿಮೀಟರ್ ಸಂದಿ ಇಟ್ಟು ಶುರುಮಾಡಿ. ಸ್ಕ್ರೂ ಸಡಿಲಿಸಿದರೂ ಪಿಕಪ್ ಮೇಲೆ ಬರಲಿಲ್ಲ ಅಂದರೆ ಕೆಳಗಿನ ಫೋಮ್ ಚಪ್ಪಟೆಯಾಗಿದೆ ಎಂದು ಅರ್ಥ. ಅಗ್ಗದ ಬೇಸ್‌ಗಳಲ್ಲಿ ಇದು ಸಾಮಾನ್ಯ. ಗಟ್ಟಿ ಸ್ಪಂಜಿನ ತುಂಡು ತುರುಕಿದರೆ ಸಾಕು. ಪಿ ಪಿಕಪ್‌ನ ಎರಡು ತುಂಡುಗಳನ್ನು ಬೇರೆ ಬೇರೆಯಾಗಿ ಏರಿಸಬಹುದು. ಇ ಮತ್ತು ಎ ತಂತಿ ಜೋರಾಗಿ, ಡಿ ಮತ್ತು ಜಿ ಸಣ್ಣಗೆ ಕೇಳುತ್ತಿದ್ದರೆ ಅಲ್ಲೇ ಸರಿಮಾಡಿಕೊಳ್ಳಿ. ತೀರಾ ಹತ್ತಿರ ತಂದರೆ ಮಾತ್ರ ಮ್ಯಾಗ್ನೆಟ್ ತಂತಿಯನ್ನೇ ಎಳೆಯುತ್ತದೆ, ಸ್ವರ ಅಲುಗಾಡುತ್ತದೆ.

ಇಷ್ಟಾದ ಮೇಲೂ ಸಮಾಧಾನ ಇಲ್ಲವಾದರೆ ಪಿಕಪ್‌ಗೆ ಬನ್ನಿ.

ಪಿಕಪ್ ಅಂದರೆ ಮ್ಯಾಗ್ನೆಟ್, ಅದರ ಸುತ್ತ ಸಾವಿರಾರು ಸುತ್ತು ತೆಳುವಾದ ತಾಮ್ರದ ವೈರ್. ಉಕ್ಕಿನ ತಂತಿ ಕಂಪಿಸಿದಾಗ ಕಾಂತಕ್ಷೇತ್ರ ಅಲುಗುತ್ತದೆ, ವೈರ್‌ನಲ್ಲಿ ಸಣ್ಣ ವಿದ್ಯುತ್ ಹುಟ್ಟುತ್ತದೆ. ದುಬಾರಿ ಪಿಕಪ್‌ನಲ್ಲೂ ನಡೆಯುವುದು ಇಷ್ಟೇ. ಅಗ್ಗದವುಗಳಲ್ಲಿ ಸಾಮಾನ್ಯವಾಗಿ ಉಕ್ಕಿನ ಕಡ್ಡಿಗಳ ಕೆಳಗೆ ಒಂದು ಸೆರಾಮಿಕ್ ಮ್ಯಾಗ್ನೆಟ್ ಪಟ್ಟಿ ಅಂಟಿಸಿರುತ್ತಾರೆ. ಹಳೆಯ ಫೆಂಡರ್ ಮಾದರಿಯಲ್ಲಿ ಕಡ್ಡಿಗಳೇ ಆಲ್ನಿಕೋ (ಅಲ್ಯೂಮಿನಿಯಂ, ನಿಕಲ್, ಕೋಬಾಲ್ಟ್ ಬೆರೆತ ಲೋಹ) ಮ್ಯಾಗ್ನೆಟ್. ಹಾಗಂತ ಸೆರಾಮಿಕ್ ಅಂದರೆ ಕಳಪೆ ಅಂದುಕೊಳ್ಳಬೇಡಿ. ಪಿಕಪ್ ಕಂಪನಿ ಡಿಮಾರ್ಜಿಯೋದ ಹೆಸರಾಂತ ‘ಮಾಡೆಲ್ ಪಿ’ಯಲ್ಲಿ ಇರುವುದೂ ಸೆರಾಮಿಕ್ಕೇ. ಇನ್ನೊಂದು ಕಂಪನಿ ಸೇಮೋರ್ ಡಂಕನ್‌ನ ‘ಕ್ವಾರ್ಟರ್ ಪೌಂಡ್’ ಪಿಕಪ್‌ನಲ್ಲಿ ದಪ್ಪ ಆಲ್ನಿಕೋ ಕಡ್ಡಿಗಳಿವೆ. ಎರಡೂ ಜೋರು ಪಿಕಪ್‌ಗಳೇ. ಹಳೆ ಕಾಲದ ಮೆದು ಸೌಂಡ್ ಬೇಕಿದ್ದರೆ ಇವೆರಡನ್ನೂ ಬಿಟ್ಟು ವಿಂಟೇಜ್ ಮಾದರಿಯದ್ದನ್ನು ಹುಡುಕಿ.

ಗುಂಯ್ ಅನ್ನೋ ಹಮ್ ನಿಮ್ಮ ತಲೆನೋವಾಗಿದ್ದರೆ ಮಾತೇ ಬೇರೆ. 1957ರಲ್ಲಿ ಪ್ರೆಸಿಷನ್ ಬೇಸ್‌ಗೆ ಬಂದ ಎರಡು ತುಂಡಿನ ಪಿಕಪ್ ಹಮ್ ಅನ್ನು ತಾನೇ ಅಳಿಸಿಕೊಳ್ಳುತ್ತದೆ. ನಿಮ್ಮ ಬೇಸ್‌ನಲ್ಲಿ ಬ್ರಿಡ್ಜ್ ಹತ್ತಿರ ಇರುವ ಜೆ ಒಂದೇ ಕಾಯಿಲ್‌ನದ್ದಾದರೆ (ಒಂದೇ ವೈರ್ ಸುರುಳಿಯದ್ದು) ಅದಕ್ಕೆ ಆ ಶಕ್ತಿ ಇಲ್ಲ. ಜೆ ವಾಲ್ಯೂಮ್ ಪೂರ್ತಿ ಇಳಿಸಿ ಕೇಳಿ. ಹಮ್ ನಿಂತರೆ ಅಲ್ಲಿಗೆ ಹಮ್ ಅಳಿಸುವ ಜೆ ಪಿಕಪ್ ಹಾಕಿಸಿ. ನಿಲ್ಲದಿದ್ದರೆ ಗ್ರೌಂಡ್ ವೈರಿಂಗ್ ನೋಡಿಸಿ.

ನನ್ನ ಅಭಿಪ್ರಾಯ ಕೇಳಿದರೆ, ಮೊದಲು ಪಿ ಒಂದನ್ನೇ ಬದಲಿಸಿ. ಬೇಸ್‌ನ ಮುಖ್ಯ ದನಿ ಅದರದ್ದೇ. ಅದೂ ನೆಕ್ ನೆಟ್ಟಗಿದ್ದು, ಫ್ರೆಟ್‌ಗಳು ಸರಿಯಿದ್ದು, ಕೈಗೆ ಒಗ್ಗಿದ ಬೇಸ್ ಆಗಿದ್ದರೆ ಮಾತ್ರ. ನೆಕ್ ತಿರುಚಿಕೊಂಡಿದ್ದರೆ ಆ ದುಡ್ಡನ್ನು ಮುಂದಿನ ಬೇಸ್‌ಗೆ ಎತ್ತಿಡಿ. ಪಿಕಪ್‌ನಲ್ಲಿ ಹಾಕಿದ ದುಡ್ಡು ಸುಮ್ನೆ ಹೋಗುವುದಿಲ್ಲ ಅನ್ನೋದೂ ನೆನಪಿರಲಿ. ಪಿ ಪಿಕಪ್ ಬಿಚ್ಚಿ ಇನ್ನೊಂದು ಪಿ ಬೇಸ್‌ಗೆ ಹಾಕಬಹುದು. ಜೆ ಕೊಳ್ಳುವಾಗ ಅಳತೆ ನೋಡಿ. ಜೆ ಪಿಕಪ್‌ಗಳಲ್ಲಿ ನೆಕ್ ಕಡೆಗೆಂದು ಮಾಡಿದ್ದು ಬ್ರಿಡ್ಜ್ ಕಡೆಯದಕ್ಕಿಂತ ಸ್ವಲ್ಪ ಗಿಡ್ಡ. ಕೆಲವು ಅಗ್ಗದ ಬೇಸ್‌ಗಳಲ್ಲಿ ಬ್ರಿಡ್ಜ್ ಹತ್ತಿರವೂ ಗಿಡ್ಡದನ್ನೇ ಕೂರಿಸಿರುತ್ತಾರೆ.

ನೀವೇ ಬೆಸುಗೆ ಹಾಕುವುದಾದರೆ ಮೊದಲು ವೈರಿಂಗ್‌ನ ಫೋಟೋ ತೆಗೆದುಕೊಳ್ಳಿ. ಪಾಟ್‌ನ (ವಾಲ್ಯೂಮ್, ಟೋನ್ ನಾಬ್‌ಗಳ ಕೆಳಗಿರುವ ಬಿಡಿಭಾಗ) ಬೆನ್ನಿಗೆ ಗ್ರೌಂಡ್ ವೈರ್ ಹಿಡಿಸಲು 25 ವಾಟ್‌ನ ಐರನ್ ಒದ್ದಾಡುತ್ತದೆ, 40 ವಾಟ್‌ನದ್ದು ಇರಲಿ. ಬಾಡಿ ಮೇಲೆ ದಪ್ಪ ಬಟ್ಟೆ ಹಾಸಿ, ಸೀಸದ ಹನಿ ಬಿದ್ದರೆ ಬಣ್ಣ ಸುಡುತ್ತದೆ. ವೈರ್‌ಗಳ ಬಣ್ಣ ಕಂಪನಿಯಿಂದ ಕಂಪನಿಗೆ ಬೇರೆ, ಪೆಟ್ಟಿಗೆಯಲ್ಲಿ ಬಂದ ಚಿತ್ರವನ್ನೇ ನಂಬಿ. ಪಾಟ್ ಕರಕರ ಅನ್ನುತ್ತಿದ್ದರೆ ಇದೇ ಕೈಯಲ್ಲಿ ಹೊಸ 250ಕೆ (ಕಿಲೋ ಓಮ್) ಪಾಟ್ ಹಾಕಿಬಿಡಿ.

ಮುಗಿದ ಮೇಲೆ ಎರಡೂ ವಾಲ್ಯೂಮ್ ಪೂರ್ತಿ ಏರಿಸಿ ನುಡಿಸಿ. ಒಂದೊಂದೇ ಚೆನ್ನಾಗಿದ್ದು, ಎರಡೂ ಸೇರಿದಾಗ ಕೆಳಗಿನ ಸ್ವರ ಮಾಯವಾಗಿ ಮೂಗಿನಿಂದ ಹಾಡಿದ ಹಾಗೆ ಕೇಳಿದರೆ ಹೊಸ ಪಿಕಪ್ ಕೆಟ್ಟಿದೆ ಅಂತ ವಾಪಸ್ ಕಳಿಸಬೇಡಿ. ಎರಡರ ಫೇಸ್ ಉಲ್ಟಾ ಆಗಿದೆ, ಅಂದರೆ ಒಂದರ ಸಿಗ್ನಲ್ ಇನ್ನೊಂದರದ್ದನ್ನು ಅಳಿಸುತ್ತಿದೆ, ಅಷ್ಟೇ. ಪಿ ಪಿಕಪ್‌ನಿಂದ ಹೊರಗೆ ಬರುವ ಎರಡು ವೈರ್‌ಗಳನ್ನು ಅದಲು ಬದಲು ಮಾಡಿ ಬೆಸುಗೆ ಹಾಕಿದರೆ ಸರಿಹೋಗುತ್ತದೆ.