ಕವಳದಿಂದ ಶುರುವಾದ ಫಾರ್ಮಕಾಲಜಿ

ಡಿ.ಫಾರ್ಮಾ ಎರಡನೇ ವರ್ಷಕ್ಕೆ ಬಂದವರಿಗೆಲ್ಲ ಈ ಸಂಕಟ ಗೊತ್ತಿರುತ್ತದೆ. ಫಾರ್ಮಕಾಲಜಿ ಪುಸ್ತಕ ತೆರೆದರೆ ಮೊದಲ ಪಾಠದಲ್ಲೇ ರಾಶಿ ಹೊಸ ಶಬ್ದ. ಕನ್ನಡ ಮಾಧ್ಯಮದಿಂದ ಬಂದ ನನ್ನಂಥವರಿಗಂತೂ ಇನ್ನೂ ಕಷ್ಟ. ಕಾರವಾರದ ರೂಮಿನಲ್ಲಿ ಕೂತು ಒಂದು ತಿಂಗಳು ಉರು ಹೊಡೆದೆ. ತಲೆಗೆ ಹತ್ತಲಿಲ್ಲ. ಆಮೇಲೆ ಹಬ್ಬಕ್ಕೆ ಶಿರಸಿ ಕಡೆಯ ಮನೆಗೆ ಹೋದೆ. ಜಗುಲಿಯಲ್ಲಿ ಅಜ್ಜ ಕವಳ (ಎಲೆ, ಅಡಿಕೆ, ಸುಣ್ಣ) ಹಾಕುತ್ತಿದ್ದ. ಅದನ್ನು ನೋಡುತ್ತಾ ಕೂತಾಗ, ಅರೆ, ಅರ್ಧ ಪಾಠ ಇಲ್ಲೇ ಇದೆಯಲ್ಲ ಅನ್ನಿಸಿತು. ಈ ಟಿಪ್ಪಣಿ ಅಲ್ಲಿಂದ ಶುರುವಾದದ್ದು.

ಪುಸ್ತಕ ವಿಷಯವನ್ನು ಎರಡು ಪಾಲು ಮಾಡುತ್ತದೆ. ದೇಹ ಔಷಧಿಯನ್ನು ಏನು ಮಾಡುತ್ತದೆ ಅನ್ನುವುದು ಫಾರ್ಮಕೋಕೈನೆಟಿಕ್ಸ್. ಔಷಧಿ ದೇಹವನ್ನು ಏನು ಮಾಡುತ್ತದೆ ಅನ್ನುವುದು ಫಾರ್ಮಕೋಡೈನಮಿಕ್ಸ್. ಎರಡನ್ನು ಓದುವಾಗಲೂ ನಾನು ಒಂದೇ ಮಾತು ನೆನಪಿಟ್ಟುಕೊಳ್ಳುತ್ತೇನೆ: ಗುಳಿಗೆಗೆ ವಿಳಾಸ ಗೊತ್ತಿಲ್ಲ. ತಲೆನೋವಿನ ಗುಳಿಗೆ ಹುಡುಕಿಕೊಂಡು ತಲೆಗೆ ಹೋಗುವುದಿಲ್ಲ. ರಕ್ತ ಹೋದಲ್ಲೆಲ್ಲ ಹೋಗುತ್ತದೆ. ಕಾಲಿನ ಹೆಬ್ಬೆರಳಿಗೂ ಹೋಗುತ್ತದೆ.

ಸುಣ್ಣ ಯಾಕೆ ಬೇಕು

ಅಜ್ಜನಿಗೆ ಕೇಳಿದೆ, ಸುಣ್ಣ ಹಾಕದಿದ್ದರೆ ಏನಾಗುತ್ತದೆ ಅಂತ. "ಸುಣ್ಣ ಇಲ್ದೇ ಹೋದ್ರೆ ಕವಳ ಹತ್ತತಿಲ್ಲೆ ತಮಾ" ಅಂದ. ಅವನು ಹೇಳಿದ್ದು ಪಕ್ಕಾ ಫಾರ್ಮಕಾಲಜಿ.

ಅಡಿಕೆಯಲ್ಲಿ ಅರೆಕೋಲಿನ್ ಅನ್ನುವ ವಸ್ತು ಇದೆ. ಅದು ದುರ್ಬಲ ಬೇಸ್, ಅಂದರೆ ಕ್ಷಾರ ಗುಣದ್ದು. ನಮ್ಮ ಜೀವಕೋಶದ ಹೊರಪದರ ಕೊಬ್ಬಿನದು. ವಿದ್ಯುತ್ ಅಂಶ ಹೊತ್ತ ಕಣಗಳು ಅದನ್ನು ಸುಲಭಕ್ಕೆ ದಾಟುವುದಿಲ್ಲ. ಹುಳಿ ಜಾಗದಲ್ಲಿ ಬೇಸ್ ಒಂದು ಪ್ರೋಟಾನ್ (ಹೈಡ್ರೋಜನ್‌ನ ಧನ ಕಣ) ಹಿಡಿದುಕೊಂಡು ಚಾರ್ಜ್ ಆಗುತ್ತದೆ, ಅಲ್ಲೇ ನಿಲ್ಲುತ್ತದೆ. ಸುಣ್ಣ ಹಾಕಿದರೆ ಬಾಯಿಯೊಳಗೆ ಕ್ಷಾರ. ಪ್ರೋಟಾನ್ ಬಿಟ್ಟುಹೋಗುತ್ತದೆ. ಚಾರ್ಜ್ ಇಲ್ಲದ ಅರೆಕೋಲಿನ್ ಕೆನ್ನೆಯ ಒಳಪದರ ದಾಟಿ ರಕ್ತ ಸೇರುತ್ತದೆ. ತಂಬಾಕಿನ ನಿಕೋಟಿನ್ ಕೂಡ ಬೇಸ್. ತಂಬಾಕಿಗೆ ಸುಣ್ಣ ತಿಕ್ಕುವುದರ ಗುಟ್ಟೂ ಇದೇ.

(ಇಲ್ಲಿ ಒಂದು ಕಹಿ ಮಾತು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಅಡಿಕೆಯನ್ನು 2004ರ ವರದಿಯಲ್ಲೇ ಕ್ಯಾನ್ಸರ್ ತರುವ ವಸ್ತುಗಳ ಸಾಲಿಗೆ ಸೇರಿಸಿದೆ. ಅಡಿಕೆ ತೋಟದ ದುಡ್ಡಿನಲ್ಲಿ ಕಾಲೇಜು ಫೀ ಕಟ್ಟುವ ನನಗೆ ಇದನ್ನು ಬರೆಯುವುದು ಸುಲಭವಲ್ಲ. ಆದರೆ ಬಿಟ್ಟು ಬರೆದರೆ ಸುಳ್ಳಾಗುತ್ತದೆ.)

ಆಮ್ಲ ಗುಣದ ಔಷಧಿಗೆ ಇದೇ ಲೆಕ್ಕ ತಿರುಗುಮುರುಗು. ಆಸ್ಪಿರಿನ್ ಹೊಟ್ಟೆಯ ಹುಳಿಯಲ್ಲಿ ಚಾರ್ಜ್ ಇಲ್ಲದೆ ಇರುತ್ತದೆ. ಹಾಗಾದರೆ ಅದು ಹೆಚ್ಚು ಹೀರಿಕೆಯಾಗುವುದು ಜಠರದಲ್ಲಾ? ಇಲ್ಲ, ಸಣ್ಣ ಕರುಳಿನಲ್ಲಿ. ಕರುಳಿನ ಮಡಿಕೆಗಳು ಅಷ್ಟು ದೊಡ್ಡ ಜಾಗ ಕೊಡುತ್ತವೆ. ಪಿಎಚ್ ಲೆಕ್ಕವನ್ನು, ಅಂದರೆ ಹುಳಿ-ಕ್ಷಾರದ ಲೆಕ್ಕವನ್ನು, ಜಾಗದ ಲೆಕ್ಕ ಸೋಲಿಸುತ್ತದೆ. ಪರೀಕ್ಷೆಯಲ್ಲಿ ನಾನು ಇಲ್ಲೇ ಎಡವಿದ್ದು.

ಜೊತೆಗೆ ಏನು ತಿನ್ನುತ್ತೇವೆ ಅನ್ನುವುದೂ ಮುಖ್ಯ. ಮಳೆಗಾಲದಲ್ಲಿ ಗದ್ದೆ ಕೆಲಸದವರಿಗೆ ಇಲಿ ಜ್ವರ ಬಂದರೆ ಡಾಕ್ಟರು ಡಾಕ್ಸಿಸೈಕ್ಲಿನ್ ಬರೆಯುವುದುಂಟು. ಅದನ್ನು ಕಬ್ಬಿಣದ ಗುಳಿಗೆ, ಆಂಟಾಸಿಡ್ ಅಥವಾ ಹಾಲಿನ ಜೊತೆ ನುಂಗಿದರೆ ಅವುಗಳಲ್ಲಿರುವ ಲೋಹದ ಅಂಶ ಔಷಧಿಯನ್ನು ಕರುಳಿನಲ್ಲೇ ಹಿಡಿದಿಡುತ್ತದೆ. ಹಾಲಿಗಿಂತ ಮೊದಲಿನ ಎರಡರ ಕಾಟ ಜಾಸ್ತಿ. ಒಂದು ಲೋಟ ತುಂಬ ನೀರಿನಲ್ಲಿ ನುಂಗಬೇಕು. ತಕ್ಷಣ ಮಲಗಬಾರದು. ಅನ್ನನಾಳದಲ್ಲಿ ಅಂಟಿಕೊಂಡರೆ ಹುಣ್ಣಾಗುತ್ತದೆ.

ಮಾಜಾಳಿ ಚೆಕ್‌ಪೋಸ್ಟ್

ಗೋವಾದಿಂದ ಕಾರವಾರಕ್ಕೆ ರಸ್ತೆಯಲ್ಲಿ ಬಂದರೆ ಮಾಜಾಳಿ ಚೆಕ್‌ಪೋಸ್ಟ್ ದಾಟಬೇಕು. ಅಲ್ಲಿ ಬ್ಯಾಗು ತೆರೆಸುತ್ತಾರೆ. ಬಾಟಲಿ ಇದ್ದರೆ ಕೆಳಗಿಳಿಯುತ್ತದೆ. ನಮ್ಮ ಲಿವರ್ ಅಂಥದ್ದೇ ಒಂದು ಚೆಕ್‌ಪೋಸ್ಟ್. ನುಂಗಿದ ಔಷಧಿ ಕರುಳಿನಿಂದ ನೇರ ಇಡೀ ದೇಹಕ್ಕೆ ಹೋಗುವುದಿಲ್ಲ. ಪೋರ್ಟಲ್ ರಕ್ತನಾಳದ ಮೂಲಕ ಮೊದಲು ಲಿವರ್‌ಗೆ ಹೋಗುತ್ತದೆ. ಅಲ್ಲಿ ಒಂದಿಷ್ಟು ನಾಶವಾಗುತ್ತದೆ. ಇದೇ ಫಸ್ಟ್ ಪಾಸ್. ಚೆಕ್‌ಪೋಸ್ಟ್ ದಾಟಿ ಉಳಿದ ಪಾಲಿಗೆ ಬಯೋಅವೈಲಬಿಲಿಟಿ ಅನ್ನುತ್ತಾರೆ. ಬಿಪಿಗೆ ಕೊಡುವ ಪ್ರೊಪ್ರನೊಲಾಲ್‌ದು ಸುಮಾರು 25 ಶೇಕಡಾ. ಗುಳಿಗೆ 40 ಮಿ.ಗ್ರಾಂ ಇದ್ದರೆ, ರಕ್ತನಾಳಕ್ಕೆ ಕೊಡುವುದು ಒಂದೊಂದೇ ಮಿ.ಗ್ರಾಂ ಆಗಲು ಇದೂ ಒಂದು ಕಾರಣ.

ಸಮುದ್ರದಲ್ಲಿ ದೋಣಿ ಹಾಕಿಕೊಂಡು ಬಂದರೆ ಮಾಜಾಳಿ ಸಿಗುವುದಿಲ್ಲ, ಅಲ್ವಾ? (ಉದಾಹರಣೆ ಅಷ್ಟೇ, ಯಾರೂ ಪ್ರಯತ್ನ ಮಾಡಬೇಡಿ.) ನಾಲಿಗೆ ಕೆಳಗೆ ಇಡುವ ಗುಳಿಗೆ ಈ ದೋಣಿ ದಾರಿ ಹಿಡಿಯುತ್ತದೆ. ಬಾಯಿಯ ರಕ್ತ ಲಿವರ್ ಮುಟ್ಟದೆ ಹೃದಯಕ್ಕೆ ಬರುತ್ತದೆ. ಎದೆನೋವಿಗೆ ಸಾರ್ಬಿಟ್ರೇಟ್ ನಾಲಿಗೆ ಕೆಳಗಿಡುವುದು ಇದಕ್ಕೇ. ಅಜ್ಜನ ಕವಳದ್ದೂ ಇದೇ ದಾರಿ.

ರಕ್ತ ಸೇರಿದ ಮೇಲೆ ಹಂಚಿಕೆ. ಇಲ್ಲಿ ವಾಲ್ಯೂಮ್ ಆಫ್ ಡಿಸ್ಟ್ರಿಬ್ಯೂಶನ್ ಅನ್ನುವ ಶಬ್ದ ಎಲ್ಲರನ್ನೂ ಹೆದರಿಸುತ್ತದೆ. ಐದು ಲೀಟರ್ ನೀರಿನ ಪಾತ್ರೆಗೆ 500 ಮಿ.ಗ್ರಾಂ ಬಣ್ಣ ಹಾಕಿ. ಲೀಟರಿಗೆ 100 ಮಿ.ಗ್ರಾಂ ಸಿಗಬೇಕು. ಪಾತ್ರೆಯ ತಳದಲ್ಲಿ ತೆಂಗಿನ ನಾರು ಇದ್ದು ಅದು ಬಣ್ಣ ಕುಡಿಯಿತು ಅಂದುಕೊಳ್ಳಿ. ನೀರಿನಲ್ಲಿ ಲೀಟರಿಗೆ 1 ಮಿ.ಗ್ರಾಂ ಮಾತ್ರ ಉಳಿಯಿತು. ನಾರು ಕಾಣದವನು ಏನು ಹೇಳುತ್ತಾನೆ? ಇದು 500 ಲೀಟರಿನ ಪಾತ್ರೆ ಅನ್ನುತ್ತಾನೆ. ಅಷ್ಟೇ ಕತೆ. ಮಲೇರಿಯಾದ ಔಷಧಿ ಕ್ಲೋರೋಕ್ವಿನ್ ಅಂಗಾಂಶಗಳಿಗೆ ಎಷ್ಟು ಇಳಿಯುತ್ತದೆ ಅಂದರೆ, ಲೆಕ್ಕ ಹಾಕಿದರೆ ಒಬ್ಬ ಮನುಷ್ಯನೊಳಗೆ ಸಾವಿರಾರು ಲೀಟರಿನ ಟ್ಯಾಂಕರ್ ಇದ್ದ ಹಾಗೆ ಉತ್ತರ ಬರುತ್ತದೆ. ಅದು ನಿಜವಾದ ಜಾಗವಲ್ಲ. ರಕ್ತ ಬಿಟ್ಟು ಹೊರಗೆ ಎಷ್ಟು ಹೋಗಿದೆ ಅನ್ನುವುದರ ಗುರುತು.

ಸೀಟಿಗೆ ಟವೆಲ್

ಈಗ ನನಗೆ ಇಷ್ಟದ ಭಾಗ. ಕವಳ ಹಾಕಿದರೆ ಬಾಯಿ ತುಂಬ ಜೊಲ್ಲು ಯಾಕೆ? ಅಗಿಯುವುದೂ ಒಂದು ಕಾರಣ. ಇನ್ನೊಂದು ಕಾರಣ, ಜೊಲ್ಲಿನ ಗ್ರಂಥಿಯ ಮೇಲಿರುವ ಮಸ್ಕರಿನಿಕ್ ರಿಸೆಪ್ಟರ್. ರಿಸೆಪ್ಟರ್ ಅಂದರೆ ರಾಸಾಯನಿಕ ಬಂದು ಕೂರುವ ಸೀಟು. ಅಲ್ಲಿ ಕೂರಬೇಕಾದದ್ದು ನಮ್ಮದೇ ನರಗಳು ಬಿಡುವ ಅಸಿಟೈಲ್‌ಕೋಲಿನ್. ಅರೆಕೋಲಿನ್ ಅದೇ ಸೀಟಿನಲ್ಲಿ ಕೂತು ಅದೇ ಕೆಲಸ ಮಾಡಿಸುತ್ತದೆ. ಹೀಗೆ ಕೂತು ಕೆಲಸ ಮಾಡಿಸುವುದು ಅಗೊನಿಸ್ಟ್. ವಿಳಾಸ ಗೊತ್ತಿಲ್ಲದ ವಸ್ತುವಾದ್ದರಿಂದ ಬೇರೆ ಕಡೆಯ ಸೀಟುಗಳಲ್ಲೂ ಕೂರುತ್ತದೆ. ಹೊಸಬರು ಕವಳ ಹಾಕಿದರೆ ಬೆವರುವುದು, ತಲೆ ತಿರುಗುವುದು ಅದಕ್ಕೇ.

ಆಂಟಾಗೊನಿಸ್ಟ್ ಅಂದರೆ ಬಸ್ಸಿನ ಕಿಟಕಿಯಿಂದ ಹಾಕಿದ ಟವೆಲ್. ಟವೆಲ್ ಪ್ರಯಾಣ ಮಾಡುವುದಿಲ್ಲ, ಟಿಕೆಟ್ಟೂ ತೆಗೆಸುವುದಿಲ್ಲ. ಆದರೆ ಸೀಟು ಹಿಡಿದಿರುತ್ತದೆ. ಬೇರೆಯವರು ಕೂರುವ ಹಾಗಿಲ್ಲ. ದತ್ತೂರಿ ಗಿಡದಲ್ಲಿರುವ ಅಟ್ರೋಪಿನ್ ಹೀಗೆ ಮಸ್ಕರಿನಿಕ್ ಸೀಟಿಗೆ ಟವೆಲ್ ಹಾಕುತ್ತದೆ. ಬಾಯಿ ಒಣಗುತ್ತದೆ.

ಈ ಕಲ್ಪನೆ ಹುಟ್ಟಿದ್ದೂ ಜೊಲ್ಲಿನಿಂದಲೇ ಅನ್ನುವುದು ಗೊತ್ತಾದಾಗ ನನಗೆ ಬಹಳ ಖುಷಿಯಾಯಿತು. 1878ರಲ್ಲಿ ಕೇಂಬ್ರಿಜ್‌ನ ಜಾನ್ ಲ್ಯಾಂಗ್ಲಿ ಬೆಕ್ಕಿನ ಜೊಲ್ಲಿನ ಮೇಲೆ ಪ್ರಯೋಗ ಮಾಡಿದ. ಅರೆಕೋಲಿನ್ ಥರದ್ದೇ ಅಗೊನಿಸ್ಟ್ ಆದ ಪಿಲೋಕಾರ್ಪಿನ್ ಕೊಟ್ಟರೆ ಜೊಲ್ಲು ಹರಿಯುತ್ತದೆ. ಅಟ್ರೋಪಿನ್ ಕೊಟ್ಟರೆ ನಿಲ್ಲುತ್ತದೆ. ಪಿಲೋಕಾರ್ಪಿನ್ ಜಾಸ್ತಿ ಮಾಡಿದರೆ ಮತ್ತೆ ಹರಿಯುತ್ತದೆ. ಹಾಗಾದರೆ ಎರಡೂ ಅಂಟಿಕೊಳ್ಳುವ ಯಾವುದೋ ಒಂದೇ ವಸ್ತು ಅಲ್ಲಿ ಇರಬೇಕು ಎಂದು ಯೋಚಿಸಿದ. 1905ರ ಹೊತ್ತಿಗೆ ಆ ವಸ್ತುವಿಗೆ ಒಂದು ಹೆಸರನ್ನೂ ಕೊಟ್ಟ. ನಾವು ಇಂದು ಬಾಯಿಪಾಠ ಮಾಡುವ ರಿಸೆಪ್ಟರ್ ಅದೇ. ಜನ ಜಾಸ್ತಿ ನುಗ್ಗಿದರೆ ಟವೆಲ್ ಜಾರುತ್ತದೆ ಅನ್ನುವುದನ್ನು ಪುಸ್ತಕ ಕಾಂಪಿಟಿಟಿವ್ ಆಂಟಾಗೊನಿಸಂ ಅನ್ನುತ್ತದೆ.

ಟವೆಲ್ ಯಾವಾಗ ಹಾಕಬೇಕು? ಜನ ಹತ್ತುವ ಮೊದಲು. ನನಗೆ ದೇವಿಮನೆ ಘಟ್ಟದ ತಿರುವಿನಲ್ಲಿ ವಾಂತಿ ಬರುತ್ತದೆ. ಮೊದಲೆಲ್ಲ ಹೊಟ್ಟೆ ತೊಳೆಸಲು ಶುರುವಾದ ಮೇಲೆ ಅವೊಮಿನ್ ನುಂಗುತ್ತಿದ್ದೆ. ಗುಳಿಗೆಯೂ ಹೊರಗೆ ಬರುತ್ತಿತ್ತು. ಈಗ ಕುಮಟಾದಲ್ಲಿ ಬಸ್ ಹತ್ತುವುದಕ್ಕೆ ಸಾಕಷ್ಟು ಮೊದಲೇ ತೆಗೆದುಕೊಳ್ಳುತ್ತೇನೆ. ಅದರಲ್ಲಿರುವ ಪ್ರೊಮೆಥಜಿನ್ ಮೆದುಳಿಗೆ ಇಳಿದು ಹಿಸ್ಟಮಿನ್ (ಅಲರ್ಜಿಯಲ್ಲೂ ಬರುವ ರಾಸಾಯನಿಕ) ಸೀಟಿಗೂ, ಮಸ್ಕರಿನಿಕ್ ಸೀಟಿಗೂ ಟವೆಲ್ ಹಾಕುತ್ತದೆ. ವಾಂತಿ ನಿಲ್ಲುತ್ತದೆ. ಜೊತೆಗೆ ನಿದ್ದೆ, ಒಣಬಾಯಿ. ಸೈಡ್ ಎಫೆಕ್ಟ್ ಅಂದರೆ ಬೇರೇನಲ್ಲ, ನಮಗೆ ಬೇಡದ ಜಾಗದಲ್ಲಿ ಆದ ಅದೇ ಎಫೆಕ್ಟ್. ಅಲರ್ಜಿಯ ಗುಳಿಗೆ ಸೆಟಿರಿಜಿನ್ ಮೆದುಳಿಗೆ ಕಡಿಮೆ ಹೋಗುತ್ತದೆ, ನಿದ್ದೆ ಕಡಿಮೆ. ಆದರೆ ಘಟ್ಟದ ವಾಂತಿಗೆ ಅದು ಉಪಯೋಗಕ್ಕೆ ಬರುವುದಿಲ್ಲ. ಕಾರಣ ನೀವೇ ಹೇಳಬಲ್ಲಿರಿ.

ಕರಾವಳಿಯವರಿಗೆ ಇನ್ನೊಂದು ಉದಾಹರಣೆ. ಬಂಗಡೆ ಮೀನನ್ನು ಸರಿಯಾಗಿ ಐಸಿನಲ್ಲಿ ಇಡದಿದ್ದರೆ ಬ್ಯಾಕ್ಟೀರಿಯಾ ಅದರಲ್ಲಿರುವ ಹಿಸ್ಟಿಡಿನ್ ಅನ್ನುವ ಅಮೈನೋ ಆಮ್ಲವನ್ನು ಹಿಸ್ಟಮಿನ್ ಮಾಡುತ್ತವೆ. ಎಷ್ಟು ಕುದಿಸಿದರೂ ಅದು ಹೋಗುವುದಿಲ್ಲ. ತಿಂದವರ ಮುಖ ಕೆಂಪಾಗುತ್ತದೆ, ಮೈ ತುರಿಸುತ್ತದೆ. ಎಲ್ಲರೂ ಮೀನಿನ ಅಲರ್ಜಿ ಅಂದುಕೊಳ್ಳುತ್ತಾರೆ. ಅಲರ್ಜಿಯಲ್ಲಿ ಹಿಸ್ಟಮಿನ್ ನಮ್ಮ ಮೈಯಿಂದ ಬರುತ್ತದೆ. ಇಲ್ಲಿ ಊಟದ ತಟ್ಟೆಯಿಂದ ಬಂದಿದೆ. ಸೀಟು ಒಂದೇ ಆದ್ದರಿಂದ ಎರಡಕ್ಕೂ ಆಂಟಿಹಿಸ್ಟಮಿನ್ ಕೆಲಸ ಮಾಡುತ್ತದೆ.

ಅರ್ಧಾಯುಷ್ಯ, ಮತ್ತು ದೊಡ್ಡಪ್ಪನ ಬಿಪಿ

ರಕ್ತದಲ್ಲಿರುವ ಔಷಧಿ ಅರ್ಧಕ್ಕೆ ಇಳಿಯಲು ಬೇಕಾದ ಹೊತ್ತು ಹಾಫ್ ಲೈಫ್. 100 ಇದ್ದದ್ದು 50, 25, 12.5, 6.25, 3.1. ಐದು ಸಲ ಅರ್ಧವಾದರೆ ಹೆಚ್ಚುಕಡಿಮೆ ಖಾಲಿ. ಏರುವುದೂ ಹಾಗೆಯೇ. ದಿನಾ ಗುಳಿಗೆ ತೆಗೆದುಕೊಂಡರೆ ಮಟ್ಟ ಸ್ಥಿರವಾಗಲು ನಾಲ್ಕೈದು ಹಾಫ್ ಲೈಫ್ ಬೇಕು. ಬಿಪಿ ಗುಳಿಗೆ ಅಮ್ಲೊಡಿಪಿನ್‌ದು 30ರಿಂದ 50 ಗಂಟೆ. ಅಂದರೆ ಒಂದು ವಾರದ ಮೇಲೆಯೇ ಹಿಡಿಯುತ್ತದೆ. ನಮ್ಮ ದೊಡ್ಡಪ್ಪ ಎರಡು ದಿನ ನುಂಗಿ, ಬಿಪಿ ನೋಡಿಸಿ, "ಇದು ನನಗೆ ನಾಟುವುದಿಲ್ಲ" ಎಂದು ಬಿಟ್ಟುಬಿಟ್ಟಿದ್ದರು. ಅವರಿಗೆ ಈ ಲೆಕ್ಕವನ್ನು ಕ್ಯಾಲೆಂಡರ್ ಮೇಲೆ ಬರೆದು ತೋರಿಸಿದ ಮೇಲೆ ನನಗೇ ಸರಿಯಾಗಿ ಅರ್ಥವಾಯಿತು. ಕಾಯಲು ಆಗದ ಕಡೆ ಮೊದಲ ಡೋಸು ದೊಡ್ಡದು ಕೊಡುತ್ತಾರೆ. ಡಾಕ್ಸಿಸೈಕ್ಲಿನ್ ಮೊದಲ ದಿನ 200, ಆಮೇಲೆ 100 ಮಿ.ಗ್ರಾಂ ಕೊಡುವುದು ಹೀಗೆಯೇ.

ಆದರೆ ಹಾಫ್ ಲೈಫ್ ಒಂದನ್ನೇ ನಂಬಬೇಡಿ. ಆಸ್ಪಿರಿನ್‌ದು ಬರೀ 15-20 ನಿಮಿಷ. ಪರಿಣಾಮ ಮಾತ್ರ ಒಂದು ವಾರ. ಅದು ಟವೆಲ್ ಹಾಕುವುದಿಲ್ಲ, ಸೀಟನ್ನೇ ಮುರಿದು ಇಳಿದು ಹೋಗುತ್ತದೆ. ಪ್ಲೇಟ್‌ಲೆಟ್‌ನ ಕಾಕ್ಸ್ ಕಿಣ್ವವನ್ನು ಕಾಯಂ ಆಗಿ ಕೆಡಿಸುತ್ತದೆ, ರಕ್ತ ಬೇಗ ಹೆಪ್ಪುಗಟ್ಟುವುದಿಲ್ಲ. ಪ್ಲೇಟ್‌ಲೆಟ್‌ಗೆ ನ್ಯೂಕ್ಲಿಯಸ್ ಇಲ್ಲ, ಹೊಸ ಕಿಣ್ವ ಮಾಡಿಕೊಳ್ಳಲು ಬರುವುದಿಲ್ಲ. ಹೊಸ ಪ್ಲೇಟ್‌ಲೆಟ್ ಹುಟ್ಟಿ ಬರಬೇಕು. ಇದನ್ನು ನಮ್ಮ ಸಿದ್ದಾಪುರ, ಹೊನ್ನಾವರ ಕಡೆಯವರು ಸುಮ್ನೆ ಪರೀಕ್ಷೆಗೆ ಓದಿ ಬಿಡುವ ಹಾಗಿಲ್ಲ. ಮಂಗನ ಕಾಯಿಲೆಯಲ್ಲಿ ರಕ್ತಸ್ರಾವದ ಭಯ ಇದೆ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಆ ವೈರಸ್ಸಿಗೆಂದೇ ಮಾಡಿದ ಔಷಧಿ ಬಳಕೆಗೆ ಬಂದಿಲ್ಲ. ಜ್ವರಕ್ಕೆ ಪ್ಯಾರಾಸಿಟಮಾಲ್ ಕೊಡುತ್ತಾರೆ, ಆಸ್ಪಿರಿನ್ ಕೊಡುವುದಿಲ್ಲ.

ಹೊಟ್ಟೆಯ ಆಮ್ಲ ಕಡಿಮೆ ಮಾಡುವ ಪ್ಯಾಂಟೊಪ್ರಜೋಲ್ ಕೂಡ ಆಸ್ಪಿರಿನ್ ಜಾತಿಯದ್ದೇ. ಹಾಫ್ ಲೈಫ್ ಒಂದು ಗಂಟೆ, ಕೆಲಸ ಇಡೀ ದಿನ. ಆಮ್ಲದ ಪಂಪಿಗೆ ಶಾಶ್ವತವಾಗಿ ಅಂಟುತ್ತದೆ. ಆದರೆ ಓಡುತ್ತಿರುವ ಪಂಪಿಗೆ ಮಾತ್ರ. ಪಂಪು ಓಡುವುದು ಊಟ ಬಂದಾಗ. ಹಾಗಾಗಿ ತಿಂಡಿಗೆ ಅರ್ಧ ಗಂಟೆ ಮೊದಲು ನುಂಗಬೇಕು. ಊರಿನಲ್ಲಿ ಎಲ್ಲರೂ "ಗ್ಯಾಸಿನ ಗುಳಿಗೆ"ಯನ್ನು ಊಟವಾದ ಮೇಲೆ ನುಂಗುತ್ತಾರೆ.

ಹೊರಗೆ ಹೋಗುವ ದಾರಿ ಮುಖ್ಯವಾಗಿ ಎರಡು: ಲಿವರ್, ಕಿಡ್ನಿ. ಕಿಡ್ನಿ ಎಷ್ಟು ಚುರುಕು ಅಂದರೆ, 1941ರಲ್ಲಿ ಆಕ್ಸ್‌ಫರ್ಡ್‌ನಲ್ಲಿ ಪೆನ್ಸಿಲಿನ್ ಪಡೆದ ಪೊಲೀಸ್ ಆಲ್ಬರ್ಟ್ ಅಲೆಕ್ಸಾಂಡರ್ ಅವರ ಮೂತ್ರದಿಂದಲೇ ಔಷಧಿಯನ್ನು ಮತ್ತೆ ತೆಗೆದು ಕೊಟ್ಟಿದ್ದರು. ಆದರೂ ಸಾಲಲಿಲ್ಲ, ಅವರು ಉಳಿಯಲಿಲ್ಲ. ಲಿವರ್ ಔಷಧಿಯನ್ನು ನೀರಿನಲ್ಲಿ ಕರಗುವ ಹಾಗೆ ಬದಲಿಸುತ್ತದೆ. ಬದಲಿಸುವಾಗ ಕೆಲವೊಮ್ಮೆ ವಿಷವೂ ಹುಟ್ಟುತ್ತದೆ. ಪ್ಯಾರಾಸಿಟಮಾಲ್‌ನ ಸಣ್ಣ ಪಾಲು ಹಾಗಾಗುತ್ತದೆ. ಲಿವರ್‌ನ ಗ್ಲುಟಾಥಯೋನ್ ಅದನ್ನು ಅಲ್ಲೇ ತಣ್ಣಗೆ ಮಾಡುತ್ತದೆ. ಗ್ಲುಟಾಥಯೋನ್ ಮುಗಿದರೆ ಲಿವರ್ ಸುಡುತ್ತದೆ. ದೊಡ್ಡವರಿಗೆ ದಿನಕ್ಕೆ 4 ಗ್ರಾಂ ಮೇಲ್ಮಿತಿ, ಅಂದರೆ 650ರ ಗುಳಿಗೆ ಆರು. ನೆಗಡಿ ಗುಳಿಗೆಯೊಳಗೂ ಪ್ಯಾರಾಸಿಟಮಾಲ್ ಇರುತ್ತದೆ ಅನ್ನುವುದನ್ನು ಮರೆತು ಎರಡೂ ನುಂಗುವವರು ಬಹಳ. ಕೌಂಟರಿನಲ್ಲಿ ನಿಲ್ಲುವ ನಾವು ಇದನ್ನು ಕೇಳಲೇಬೇಕು.

ವಿಳಾಸ ಇಲ್ಲದ ಗುಳಿಗೆಯನ್ನು ಜಾಗಕ್ಕೇ ತಲುಪಿಸುವ ಉಪಾಯವೂ ಇದೆ. ಅಸ್ತಮಾಕ್ಕೆ ಕೊಡುವ ಸಾಲ್ಬುಟಮಾಲ್ ಗುಳಿಗೆ 4 ಮಿ.ಗ್ರಾಂ. ಇನ್‌ಹೇಲರ್‌ನ ಒಂದು ಪಫ್ 100 ಮೈಕ್ರೋಗ್ರಾಂ, ನಲವತ್ತನೇ ಒಂದು ಪಾಲು. ನೇರ ಶ್ವಾಸಕೋಶಕ್ಕೆ ಹೋಗುವುದರಿಂದ ಅಷ್ಟೇ ಸಾಕು. ಗುಳಿಗೆ ನುಂಗಿದಾಗ ನಡುಗುವಷ್ಟು ಕೈ ಇದರಲ್ಲಿ ನಡುಗುವುದಿಲ್ಲ. ನಮ್ಮ ಅಜ್ಜಿ ಮಾತ್ರ ಪಫ್ ಒತ್ತಿ ಆಮೇಲೆ ಉಸಿರು ಎಳೆಯುತ್ತಿದ್ದಳು, ಔಷಧಿಯೆಲ್ಲ ಗಂಟಲಿಗೆ ಬಡಿಯುತ್ತಿತ್ತು. ಅಲುಗಾಡಿಸಿ, ಉಸಿರು ಬಿಟ್ಟು, ನಿಧಾನಕ್ಕೆ ಎಳೆಯುತ್ತಾ ಒತ್ತಿ, ಹತ್ತು ಎಣಿಸುವವರೆಗೆ ಹಿಡಿಯಬೇಕು. ಈಗ ಅಜ್ಜ ಕವಳ ಬಾಯಲ್ಲಿಟ್ಟುಕೊಂಡೇ ಪಕ್ಕದಲ್ಲಿ ಕೂತು ಬೆರಳು ಮಡಚಿ ಎಣಿಸುತ್ತಾನೆ.