ಹಿಡಿತ ಬದಲಿಸುವ ಮುನ್ನ ಚೆಂಡು ಸಿಗುವ ಜಾಗ ನೋಡಿ

ಬೆಂಗಳೂರಿನಲ್ಲಿ ನಾನು ಟೆನಿಸ್ ಕಲಿಸುವುದು ಹೆಚ್ಚಾಗಿ ನಲವತ್ತು ದಾಟಿದವರಿಗೆ. ಅವರಲ್ಲಿ ಬಹಳ ಮಂದಿ ಬಾಲ್ಯದಲ್ಲಿ ಮನೆ ಮುಂದಿನ ರಸ್ತೆಯಲ್ಲೋ ಶಾಲೆಯ ಬಯಲಿನಲ್ಲೋ ಶಟಲ್ ಆಡಿ ಬೆಳೆದವರು. ರ‍್ಯಾಕೆಟ್ ಕೈಗೆ ಬಂದ ಕೂಡಲೇ ಬೆರಳುಗಳು ಹಳೆಯ ಹಿಡಿತವನ್ನೇ ಹುಡುಕುತ್ತವೆ, ಮಣಿಕಟ್ಟು ಚಾಟಿಯಂತೆ ತಿರುಗುತ್ತದೆ. ಆದರೆ ಶಟಲ್‌ನ ತೂಕ ಹೆಚ್ಚೆಂದರೆ 5.5 ಗ್ರಾಂ; ಟೆನಿಸ್ ಚೆಂಡಿನದು 56ರಿಂದ 59.4 ಗ್ರಾಂ. ಬ್ಯಾಡ್ಮಿಂಟನ್ ರ‍್ಯಾಕೆಟ್ ನೂರು ಗ್ರಾಂ ಕೂಡ ಇರುವುದಿಲ್ಲ, ಟೆನಿಸ್‌ನದು ಮುನ್ನೂರು ಗ್ರಾಂ ಆಸುಪಾಸು. ಅದೇ ಮಣಿಕಟ್ಟು ಹತ್ತು ಪಟ್ಟು ಭಾರದ ಚೆಂಡನ್ನು ಎದುರಿಸಬೇಕು.

ಹಾಗೆ ಬಂದ ಬ್ಯಾಂಕ್ ಅಧಿಕಾರಿಯೊಬ್ಬರು ಮೂರು ತಿಂಗಳಲ್ಲಿ ಚೆನ್ನಾಗಿ ಪಳಗಿದ್ದರು. ಆಮೇಲೆ ಒಂದು ಬೆಳಿಗ್ಗೆ ಕಿರುಬೆರಳಿನ ಬದಿಯ ಮಣಿಕಟ್ಟನ್ನು ಒತ್ತಿ ಹಿಡಿದುಕೊಂಡು ಬಂದರು. ಮೊಬೈಲ್‌ನಲ್ಲಿ ವಿಡಿಯೊ ನೋಡಿ, ಟಾಪ್‌ಸ್ಪಿನ್‌ಗಾಗಿ, ಅಂದರೆ ಚೆಂಡು ಮುಂದಕ್ಕೆ ಸುತ್ತುತ್ತಾ ಹೋಗಲೆಂದು, ವೆಸ್ಟರ್ನ್ ಎಂಬ ಹಿಡಿತಕ್ಕೆ ಹೋಗಿದ್ದರು. ಪ್ರಯೋಗ ಮಾಡಿದ್ದಕ್ಕೆ ನಾನು ಅವರನ್ನು ಬೈಯಲಿಲ್ಲ. ಎಡವಟ್ಟಾದದ್ದು ಬೇರೆಡೆ.

ರ‍್ಯಾಕೆಟ್ಟಿನ ಹಿಡಿಕೆಗೆ ಎಂಟು ಮಗ್ಗುಲುಗಳಿವೆ. ತಂತಿಗಳ ಮುಖ ನೆಲಕ್ಕೆ ಲಂಬವಾಗಿರುವಂತೆ ಹಿಡಿದಾಗ ಮೇಲೆ ಕಾಣುವುದು ಒಂದನೆಯದು. ಬಲಗೈ ಆಟಗಾರರು ಅಲ್ಲಿಂದ ಬಲಕ್ಕೆ ಎಣಿಸಬೇಕು. ತೋರುಬೆರಳಿನ ಬುಡದ ಗೆಣ್ಣು ಎರಡನೆಯದರ ಮೇಲೆ ಕೂತರೆ ಕಾಂಟಿನೆಂಟಲ್, ಮೂರರ ಮೇಲೆ ಈಸ್ಟರ್ನ್, ನಾಲ್ಕರ ಮೇಲೆ ಸೆಮಿ ವೆಸ್ಟರ್ನ್, ಐದರ ಮೇಲೆ ವೆಸ್ಟರ್ನ್. ಕೈ ಹೀಗೆ ಒಂದೊಂದು ಮಗ್ಗುಲು ಕೆಳಗಿಳಿದಂತೆ ಚೆಂಡನ್ನು ಸರಿಯಾಗಿ ಹೊಡೆಯಬಹುದಾದ ಜಾಗ ದೇಹದಿಂದ ಮುಂದಕ್ಕೂ ಮೇಲಕ್ಕೂ ಸರಿಯುತ್ತದೆ. ಈಸ್ಟರ್ನ್‌ನಲ್ಲಿ ಸೊಂಟದ ಎತ್ತರ ಹಿತವೆನಿಸಿದರೆ, ವೆಸ್ಟರ್ನ್‌ನಲ್ಲಿ ಎದೆಯ ಎತ್ತರ. ನಮ್ಮ ಅಧಿಕಾರಿ ಹಿಡಿತವನ್ನು ಎರಡು ಮಗ್ಗುಲು ತಿರುಗಿಸಿದ್ದರು, ಚೆಂಡನ್ನು ಮಾತ್ರ ಮೊದಲಿನಂತೆ ಸೊಂಟದ ಪಕ್ಕದಲ್ಲೇ ಎದುರಿಸುತ್ತಿದ್ದರು. ಕಾಲು ಮತ್ತು ಭುಜ ಮಾಡದೆ ಬಿಟ್ಟ ಕೆಲಸವನ್ನೆಲ್ಲ ಮಣಿಕಟ್ಟು ಕೊನೆಯ ಕ್ಷಣದಲ್ಲಿ ತಿರುಚಿಕೊಂಡು ಮಾಡುತ್ತಿತ್ತು. ವಿಚಿತ್ರ ಹಿಡಿತಕ್ಕಿಂತ ಅರ್ಧ ಬದಲಿಸಿದ ಹೊಡೆತವೇ ಹೆಚ್ಚು ಅಪಾಯ ಎಂಬುದು ನಾನು ಮತ್ತೆ ಮತ್ತೆ ಕಂಡದ್ದು.

ಪೂರ್ತಿ ಬದಲಿಸಿದವರು ಎಲ್ಲಿಯವರೆಗೆ ಹೋಗಬಲ್ಲರು ಎಂಬುದಕ್ಕೆ ಸ್ಪೇನಿನ ಆಲ್ಬರ್ಟೊ ಬೆರಸಾಟೆಗಿ ಸಾಕ್ಷಿ. ಅವರ ಹಿಡಿತ ವೆಸ್ಟರ್ನ್ ಅನ್ನೂ ದಾಟಿತ್ತು. ಫೋರ್‌ಹ್ಯಾಂಡ್‌ಗೂ ಬ್ಯಾಕ್‌ಹ್ಯಾಂಡ್‌ಗೂ ರ‍್ಯಾಕೆಟ್ಟಿನ ಒಂದೇ ಮುಖವನ್ನು ಬಳಸುತ್ತಿದ್ದರು. ಆ ಹಿಡಿತದಲ್ಲೇ 1994ರ ಫ್ರೆಂಚ್ ಓಪನ್ ಫೈನಲ್ ತಲುಪಿದರು. ಪ್ಯಾರಿಸ್ಸಿನ ಮಣ್ಣಿನ ಮೇಲೆ ಚೆಂಡು ಎತ್ತರಕ್ಕೆ ಪುಟಿಯುತ್ತದೆ, ಆ ಹಿಡಿತಕ್ಕೆ ಬೇಕಾದದ್ದು ಅದೇ. ಹುಲ್ಲಿನ ಮೇಲೆ ತಗ್ಗಿ ಜಾರುವ ಚೆಂಡಿಗೆ ಅದು ಒಗ್ಗುವುದಿಲ್ಲ. ಹಾಗಾಗಿ ಹೊಸ ಹಿಡಿತ ಕೇಳಿ ಬಂದವರಿಗೆ ನನ್ನ ಮೊದಲ ಪ್ರಶ್ನೆ: ನಿಮ್ಮ ಕ್ಲಬ್ಬಿನ ಅಂಕಣದಲ್ಲಿ, ನಿಮ್ಮ ಜೊತೆಗಾರರ ಹೊಡೆತಕ್ಕೆ ಚೆಂಡು ಎಷ್ಟು ಎತ್ತರ ಏಳುತ್ತದೆ?

ನಿಯಮದ ಭಯ ಬೇಡ. ಯಾವ ಹಿಡಿತವನ್ನೂ ನಿಯಮ ತಡೆಯುವುದಿಲ್ಲ. ಎರಡೂ ಕೈ ಬಳಸಬಹುದು, ಆಟದ ನಡುವೆ ಕೈ ಬದಲಿಸಬಹುದು. ಏಕಕಾಲಕ್ಕೆ ಎರಡು ರ‍್ಯಾಕೆಟ್ ಮಾತ್ರ ಕೂಡದು. ಕೈ ಕೆಳಗಿನಿಂದ ಸರ್ವ್ ಮಾಡುವುದೂ ಸರಿಯೇ. 1989ರ ಫ್ರೆಂಚ್ ಓಪನ್‌ನಲ್ಲಿ ಹದಿನೇಳರ ಮೈಕೆಲ್ ಚಾಂಗ್ ಸ್ನಾಯು ಸೆಳೆತದಿಂದ ನರಳುತ್ತಾ ಇವಾನ್ ಲೆಂಡ್ಲ್ ವಿರುದ್ಧ ಐದನೇ ಸೆಟ್‌ನಲ್ಲಿ ಹಾಗೆ ಸರ್ವ್ ಮಾಡಿ ಪಾಯಿಂಟ್ ಗೆದ್ದರು, ಪಂದ್ಯವನ್ನೂ ಗೆದ್ದರು. ಭುಜ ನೋಯುವ ಹವ್ಯಾಸಿಯೊಬ್ಬರು ಇದನ್ನು ಮಾಡಿದಾಗ ಎದುರಾಳಿ ಮುಖ ಸಿಂಡರಿಸಿದರೆ ನನಗೆ ನಿಜಕ್ಕೂ ಸಿಟ್ಟು ಬರುತ್ತದೆ.

ಎರಡು ಕೈಯ ಫೋರ್‌ಹ್ಯಾಂಡ್ ವಿಷಯದಲ್ಲಿ ನಾನೇ ತಪ್ಪಿದ್ದೆ. ಐವತ್ತೆರಡರ ಶಿಕ್ಷಕಿಯೊಬ್ಬರು ಒಂಟಿ ಕೈಯಲ್ಲಿ ರ‍್ಯಾಕೆಟ್ ನಿಲ್ಲುವುದಿಲ್ಲ ಎಂದು ಎರಡೂ ಬದಿಗೆ ಎರಡೂ ಕೈ ಹಾಕಿದರು. "ಕೈಗೆಟಕುವ ದೂರ ಕಡಿಮೆಯಾಗುತ್ತದೆ, ಬೇಡ ಮೇಡಂ" ಎಂದೆ. "ಸರ್, ಬಾರ್ತೊಲಿ ವಿಂಬಲ್ಡನ್ ಗೆದ್ದದ್ದು ಹೇಗೆ?" ಎಂದು ಕೇಳಿದರು. 2013ರಲ್ಲಿ ಮರಿಯೋನ್ ಬಾರ್ತೊಲಿ ಗೆದ್ದದ್ದು ಎರಡೂ ಬದಿಗೆ ಎರಡೂ ಕೈ ಬಳಸಿಯೇ. ನಾವು ಆಮೇಲೆ ಕಾಲಿನ ಮೇಲೆ ಕೆಲಸ ಮಾಡಿದೆವು: ಪ್ರತಿ ಚೆಂಡಿಗೂ ಒಂದು ಸಣ್ಣ ಹೆಜ್ಜೆ ಹೆಚ್ಚು. ಅವರ ಹೊಡೆತ ಈಗ ಅಲುಗಾಡುವುದಿಲ್ಲ.

ಅಧಿಕಾರಿಗೆ ನೋವು ಪೂರ್ತಿ ಇಳಿಯುವವರೆಗೆ ಆಟ ನಿಲ್ಲಿಸಿದೆ. ಮರಳಿದ ಮೇಲೆ ಎರಡು ವಾರ ಸರ್ವಿಸ್ ಗೆರೆಯೊಳಗೇ, ಅಂದರೆ ಬಲೆಯಿಂದ 6.4 ಮೀಟರ್ ಒಳಗೆ, ಮೆಲ್ಲಗೆ ಆಡಿಸಿದೆ. ಹೊಸ ಹಿಡಿತವನ್ನು ಒಮ್ಮೆಗೆ ಒಂದೇ ಮಗ್ಗುಲು ಸರಿಸಿ, ಚೆಂಡನ್ನು ಮುಂಗಾಲಿಗಿಂತ ಮುಂದೆಯೇ ಎದುರಿಸಬೇಕು. ಪಂದ್ಯದಲ್ಲಿ ಹಳೆಯದೇ. ಮರುದಿನ ಬೆಳಿಗ್ಗೆ ಬಟ್ಟೆ ಹಿಂಡುವಾಗಲೋ ತುಂಬಿದ ಪಾತ್ರೆ ಎತ್ತುವಾಗಲೋ ಮಣಿಕಟ್ಟಿನಲ್ಲಿ ಅಥವಾ ಮೊಣಕೈ ಹೊರಬದಿಯಲ್ಲಿ ಚಳುಕು ಕಂಡರೆ ಆ ದಿನ ರ‍್ಯಾಕೆಟ್ ಮುಟ್ಟುವಂತಿಲ್ಲ. ನೋವು ಉಳಿದರೆ ವೈದ್ಯರ ಬಳಿಗೆ.

ಅವರು ಕೊನೆಗೆ ನಾಲ್ಕನೇ ಮಗ್ಗುಲಿನಲ್ಲಿ ನಿಂತರು. ಶಟಲ್ ಮಣಿಕಟ್ಟನ್ನು ಒಂದೇ ಒಂದು ಹೊಡೆತಕ್ಕೆ ಉಳಿಸಿಕೊಂಡಿದ್ದಾರೆ: ಬಲೆಯ ಬಳಿ ಕಾಂಟಿನೆಂಟಲ್ ಹಿಡಿತದಲ್ಲಿ ಚೆಂಡಿನ ಅಡಿಯನ್ನು ಸವರಿ ಬಿಡುವ ಡ್ರಾಪ್. ಅದನ್ನು ನಾನು ಕಲಿಸಿದ್ದಲ್ಲ, ತಿದ್ದಲೂ ಹೋಗಿಲ್ಲ.